ಘಟ್ಟದ ಹೊಳೆಯ ಮಟ್ಟ ಮತ್ತು ಹರಿವನ್ನು ಅಳೆಯುವುದು ಹೇಗೆ

ಮಳೆಗಾಲದ ಪತ್ರಿಕೆಯಲ್ಲಿ ಬಂಟ್ವಾಳದ ನೇತ್ರಾವತಿಯ ಮಟ್ಟ ಏಳೆಂಟು ಮೀಟರ್ ಎಂದು ಓದುತ್ತೇವೆ. ಅದೇ ಹೊಳೆಯ ಮೇಲ್ಭಾಗದ ಉಪ್ಪಿನಂಗಡಿಯ ಅಂಕಿ ಮೂವತ್ತರ ಹತ್ತಿರ ಇರುತ್ತದೆ. ಹಾಗೆಂದು ಉಪ್ಪಿನಂಗಡಿಯಲ್ಲಿ ಮೂವತ್ತು ಮೀಟರ್ ಆಳದ ನೀರಿಲ್ಲ. ಆ ಅಂಕಿ ಹೊಳೆಯ ತಳದಿಂದ ಎಣಿಸಿದ ಆಳವಲ್ಲ, ಅಳತೆಪಟ್ಟಿಯ ಸೊನ್ನೆ ತಳಕ್ಕಿಂತ ಎಷ್ಟೋ ಕೆಳಗಿನ ಎತ್ತರಕ್ಕೆ ಹೊಂದಿದೆ, ಅಷ್ಟೆ. ನೀರು ಎಷ್ಟು ಏರಿದೆ ಎಂದು ನೋಡಿ ಬರೆದುಕೊಳ್ಳುವುದು ಯಾರಿಂದಲೂ ಆಗುತ್ತದೆ. ಇವತ್ತಿನ 1.20 ಮೀಟರಿಗೂ ಹತ್ತು ವರ್ಷದ ನಂತರದ 1.20 ಮೀಟರಿಗೂ ಒಂದೇ ಅರ್ಥ ಇರುವಂತೆ ಕಾಪಾಡಿಕೊಳ್ಳುವುದೇ ಕಷ್ಟದ ಕೆಲಸ. ಈ ಬರಹದ ಹೆಚ್ಚಿನ ಭಾಗ ಅದರ ಬಗ್ಗೆಯೇ.

ಇಲ್ಲಿ ಹೇಳುವುದು ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ದಕ್ಷಿಣ ಮತ್ತು ಉತ್ತರ ಕನ್ನಡದ ಹತ್ತರಿಂದ ಮೂವತ್ತು ಮೀಟರ್ ಅಗಲದ ಹೊಳೆಗಳಿಗೆ ಹೊಂದುತ್ತದೆ. ಏಪ್ರಿಲಿನಲ್ಲಿ ಪಾದ ಮಾತ್ರ ನೆನೆಯುವಷ್ಟು ನೀರು, ಪುನರ್ವಸು-ಪುಷ್ಯ ಮಳೆಗೆ ಸಂಕ (ಕಾಲುಸೇತುವೆ) ಮುಳುಗಿಸುವ ನೀರು: ಈ ಎರಡನ್ನೂ ಒಂದೇ ಜಾಗದಲ್ಲಿ ಅಳೆಯಬೇಕು.

ಜಾಗ ಹುಡುಕುವುದು

ಬೇಸಿಗೆಯಲ್ಲಿ ಹೊಳೆಯುದ್ದಕ್ಕೂ ನಡೆದು ನೋಡಿ. ಬೇಕಾದದ್ದು ಒಂದು ಗುಂಡಿ, ಅದರ ಕೆಳತುದಿಯಲ್ಲಿ ನೀರು ದಾಟಿ ಬೀಳುವ ಬಂಡೆಯ ಹೊಸ್ತಿಲು. ಗುಂಡಿಯಲ್ಲಿ ನೀರು ಎಷ್ಟು ಎತ್ತರಕ್ಕೆ ನಿಲ್ಲಬೇಕೆಂದು ನಿರ್ಧರಿಸುವುದು ಆ ಹೊಸ್ತಿಲೇ. ಅದು ನೆಲಕ್ಕೇ ಅಂಟಿದ ಹಾಸುಬಂಡೆಯಾಗಿದ್ದರೆ ನಿಮ್ಮ ಅಳತೆ ಬಹುಕಾಲ ನಂಬಿಕೆಗೆ ಯೋಗ್ಯ. ಗುಂಡುಕಲ್ಲು, ಜಲ್ಲಿಯ ಹೊಸ್ತಿಲಾಗಿದ್ದರೆ ಪ್ರತಿ ದೊಡ್ಡ ನೆರೆಗೂ ಅದು ಬದಲಾಗುತ್ತದೆ, ನಿಮ್ಮ ಲೆಕ್ಕವೂ ಜೊತೆಗೆ ಕೆಡುತ್ತದೆ. ಹೊಳೆ ಅಲ್ಲಿ ಅಗಲದ ಐದಾರು ಪಟ್ಟು ಉದ್ದ ನೇರವಾಗಿರಲಿ. ನೆರೆಯ ನೀರು ಪಕ್ಕದ ಗದ್ದೆಗೋ ಹಳೆಯ ಕಾಲುವೆಗೋ ನುಗ್ಗಿ ಬೇರೆ ದಾರಿ ಹಿಡಿಯಬಾರದು.

ಬಿಡಬೇಕಾದ ಜಾಗಗಳಲ್ಲಿ ಮೊದಲನೆಯದು ಸಂಗಮದ ಸ್ವಲ್ಪ ಮೇಲಿನ ಭಾಗ. ಭಾಗಮಂಡಲದಲ್ಲಿ ಕನ್ನಿಕೆ ತುಂಬಿ ಬಂದರೆ ಕಾವೇರಿಯ ನೀರು ಮುಂದೆ ಹೋಗಲಾಗದೆ ಹಿಂದಕ್ಕೆ ಒತ್ತಿ ಏರುತ್ತದೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನೇತ್ರಾವತಿಗೆ ಮಾಡುವುದೂ ಅದನ್ನೇ. ಮಟ್ಟ ಏರಿದ್ದು ಕಾಣುತ್ತದೆ, ಹರಿವು (ಸೆಕೆಂಡಿಗೆ ದಾಟಿಹೋಗುವ ನೀರಿನ ಪ್ರಮಾಣ) ಮಾತ್ರ ಅಷ್ಟು ಹೆಚ್ಚಿರುವುದಿಲ್ಲ. ಎರಡನೆಯದು ಕಿಂಡಿ ಅಣೆಕಟ್ಟಿನ ಹಿನ್ನೀರು. ಮಳೆಗಾಲ ಮುಗಿದ ಮೇಲೆ ಹಲಗೆ ಇಳಿಸಿದ ಕೂಡಲೇ ಮೇಲಿನ ಪಟ್ಟಿಯ ಅಂಕಿ ಒಂದೂವರೆ ಮೀಟರ್ ಏರಿ, ಬೇಸಿಗೆ ಮುಗಿಯುವವರೆಗೆ ಅಲ್ಲೇ ನಿಂತುಬಿಡಬಹುದು. ಊರವರು ಹಾಕುವ ಮಣ್ಣಿನ ಕಟ್ಟಕ್ಕೂ ಇದೇ ಮಾತು. ಮೂರನೆಯದು ಸೇತುವೆಯ ಕಂಬದ ಮೇಲ್ಮುಖ, ಅಂದರೆ ನೀರು ಬರುವ ಕಡೆ. ಅಲ್ಲಿ ನೀರು ಅಪ್ಪಳಿಸಿ ಎದ್ದು ನಿಂತಿರುತ್ತದೆ, ದಿಮ್ಮಿಗಳು ಬಂದು ಸಿಕ್ಕಿಕೊಳ್ಳುವುದೂ ಅಲ್ಲಿಯೇ.

ಇನ್ನೊಂದು ವಿಚಾರ: ಜುಲೈ ತಿಂಗಳ ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡಿದು ಹೋಗಲು ಆಗುವ ಜಾಗವೇ ಎಂದು ಕೇಳಿಕೊಳ್ಳಿ. ದಾರಿಯಲ್ಲಿ ಒಂದು ಹಳ್ಳ ಅಡ್ಡ ಬಂದರೂ ಬೇಕಾದ ದಿನವೇ ಅಳತೆ ತಪ್ಪುತ್ತದೆ. ಲೆಕ್ಕಕ್ಕೆ ಸ್ವಲ್ಪ ಕಡಿಮೆ ಹೊಂದುವ, ಆದರೆ ಮನೆಯ ಹತ್ತಿರದ ಜಾಗವನ್ನೇ ಆರಿಸಿಕೊಳ್ಳಿ.

ಅಳತೆಪಟ್ಟಿ ಮತ್ತು ಅದರ ಸೊನ್ನೆ

ಪಟ್ಟಿ ಒಂದೊಂದು ಮೀಟರ್ ಉದ್ದದ, ಸೆಂಟಿಮೀಟರ್ ಗುರುತಿನ ಎನಾಮಲ್ ತಗಡಾಗಿರಲಿ. ಬಣ್ಣ ಬಳಿದ ಮರದ ಪಟ್ಟಿ ಒಂದು ಮಳೆಗಾಲ ದಾಟುವುದಿಲ್ಲ. ಐದು ಮೀಟರ್ ಏರುವ ಹೊಳೆಗೆ ಆರು ಪಟ್ಟಿ ಬೇಕು. ಅವನ್ನು ದಡದ ಇಳಿಜಾರಿನಲ್ಲಿ ಮೆಟ್ಟಿಲಿನಂತೆ ಒಂದರ ಹಿಂದೆ ಒಂದು ನಿಲ್ಲಿಸಿ. ಕೆಳಗಿನದರ ತುದಿ ಮೇಲಿನದರ ಬುಡಕ್ಕಿಂತ ಕನಿಷ್ಠ 15 ಸೆಂಟಿಮೀಟರ್ ಮೇಲೆ ಬರಲಿ, ಆಗ ನಡುವೆ ಕುರುಡು ಜಾಗ ಉಳಿಯುವುದಿಲ್ಲ. ಬಂಡೆ ಸಿಕ್ಕಲ್ಲಿ 12 ಮಿಲಿಮೀಟರಿನ ಆಂಕರ್ ಬೋಲ್ಟ್ ಹಾಕಿ ಬಿಗಿಯಿರಿ. ಮಣ್ಣಿನ ದಡವಾದರೆ ಕಬ್ಬಿಣದ ಆಂಗಲ್ ಅನ್ನು ಮುಕ್ಕಾಲು ಮೀಟರ್ ಆಳದ ಕಾಂಕ್ರೀಟಿನಲ್ಲಿ ಹೂಳಿ. ದೊಡ್ಡ ಬಂಡೆಯ ಅಥವಾ ದಡದ ಮೂಲೆಯ ಕೆಳಮುಖದಲ್ಲಿ ಪಟ್ಟಿ ಇರಲಿ. ನೆರೆಯಲ್ಲಿ ತೇಲಿ ಬರುವ ಮರ ಮೇಲ್ಮುಖದ ಪಟ್ಟಿಯನ್ನು ಬಾಗಿಸಿಯೇ ಹೋಗುತ್ತದೆ.

ಸೊನ್ನೆಯನ್ನು ಊರ ಹಿರಿಯರು ಕಂಡ ಅತ್ಯಂತ ಕಡಿಮೆ ನೀರಿಗಿಂತ 30ರಿಂದ 50 ಸೆಂಟಿಮೀಟರ್ ಕೆಳಗಿಡಿ. ತಳ ಕೊರೆದು ನೀರು ಇನ್ನೂ ಇಳಿದರೆ ಋಣ ಅಂಕಿ ಬರೆಯುವ ಗೊಂದಲ ಬರುವುದಿಲ್ಲ.

ಈಗ ಮುಖ್ಯ ಕೆಲಸ. ನೆರೆ ಮುಟ್ಟದ ಎತ್ತರದಲ್ಲಿ ಮೂರು ಸ್ಥಿರ ಗುರುತುಗಳನ್ನು ಮಾಡಿ: ಹಾಸುಬಂಡೆಯ ಮೇಲೆ ಉಳಿಯಿಂದ ಕೆತ್ತಿದ ಅಡ್ಡಗೆರೆ, ಸೇತುವೆಯ ಬದಿಗೋಡೆಯ ಮೂಲೆ, ಹಳೆಯ ಕಟ್ಟಡದ ಕಲ್ಲಿನ ಮೆಟ್ಟಿಲು. ಮರಕ್ಕೆ ಮೊಳೆ ಹೊಡೆದರೆ ಗುರುತಾಗುವುದಿಲ್ಲ, ಮರ ವಾಲುತ್ತದೆ. ಒಂದೇ ಗುರುತು ಸಾಲುವುದಿಲ್ಲ, ಏಕೆಂದರೆ ಜರುಗಿದ್ದು ಪಟ್ಟಿಯೋ ಗುರುತೋ ತಿಳಿಯುವುದಿಲ್ಲ. ಸರ್ವೆಯವರ ಲೆವೆಲ್ ಯಂತ್ರ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಮೇಸ್ತ್ರಿಗಳ ಪಾರದರ್ಶಕ ಲೆವೆಲ್ ಪೈಪಿನಿಂದಲೇ ಗುರುತಿನಿಂದ ಪಟ್ಟಿಯವರೆಗೆ ಹಂತಹಂತವಾಗಿ ಎತ್ತರ ಇಳಿಸಿಕೊಂಡು ಬರಬಹುದು. ಪೈಪಿನಲ್ಲಿ ಒಂದು ಗಾಳಿಗುಳ್ಳೆ ಇದ್ದರೂ ಅಳತೆ ಸುಳ್ಳಾಗುತ್ತದೆ. ಪೈಪಿನ ಒಂದು ಭಾಗ ಬಿಸಿಲಲ್ಲಿ, ಇನ್ನೊಂದು ನೆರಳಲ್ಲಿ ಇರುವುದೂ ಬೇಡ, ಮುಂಜಾನೆಯೇ ಮಾಡಿ. ಕೆಳಗಿಳಿದ ಮೇಲೆ ಮತ್ತೆ ಮೇಲಕ್ಕೆ ಅಳೆದುಕೊಂಡು ಹೋಗಿ. ಹೊರಟ ಗುರುತಿಗೆ ಮರಳಿದಾಗ ವ್ಯತ್ಯಾಸ 5 ಮಿಲಿಮೀಟರ್ ಮೀರಿದರೆ ಎಲ್ಲವನ್ನೂ ಮೊದಲಿನಿಂದ ಮಾಡಿ.

ಈ ಪರೀಕ್ಷೆ ವರ್ಷಕ್ಕೆ ಎರಡು ಸಲ: ಮೇ ಕೊನೆಗೆ ಮತ್ತು ಮಳೆ ಬಿಟ್ಟ ಮೇಲೆ ನವೆಂಬರಿನಲ್ಲಿ. ಪಟ್ಟಿ ಜರುಗಿದ್ದು ಕಂಡರೆ ಎಷ್ಟು ಜರುಗಿದೆ ಎಂದು ದಿನಾಂಕ ಸಮೇತ ಮೊದಲು ಬರೆದುಕೊಳ್ಳಿ, ಆಮೇಲೆ ಸರಿಪಡಿಸಿ. ಬರೆಯದೆ ಸರಿಪಡಿಸಿದರೆ ಕಳೆದ ಆರು ತಿಂಗಳ ಅಂಕಿಗಳೆಲ್ಲ ಅನುಮಾನಕ್ಕೆ ಬೀಳುತ್ತವೆ.

ಓದುವ ಕ್ರಮ

ನೀರು ಪಟ್ಟಿಗೆ ಬಡಿದು ಮೇಲೆ ಕೆಳಗೆ ಆಡುತ್ತಿರುತ್ತದೆ. ಅರ್ಧ ನಿಮಿಷ ನೋಡಿ, ಅತಿ ಮೇಲಿನ ಮತ್ತು ಅತಿ ಕೆಳಗಿನ ಗುರುತಿನ ನಡುವಿನದ್ದನ್ನು ಬರೆಯಿರಿ. ಜೊತೆಗೆ ಆಟ ಎಷ್ಟಿತ್ತೆಂದೂ ಬರೆಯಿರಿ: "1.84, ±4 ಸೆಂ.ಮೀ." ಎಂಬ ಒಂದು ಸಾಲು ಬರಿಯ 1.84ಕ್ಕಿಂತ ಎಷ್ಟೋ ಹೆಚ್ಚು ಹೇಳುತ್ತದೆ. ಬೆಳಗ್ಗೆ 8:30ಕ್ಕೆ ಓದಿ. ಹವಾಮಾನ ಇಲಾಖೆಯ ಮಳೆ ಅಳತೆಯ ಹೊತ್ತೂ ಅದೇ, ಹೊಳೆ ಮತ್ತು ಮಳೆ ಒಂದೇ ಲೆಕ್ಕಕ್ಕೆ ಕೂರುತ್ತವೆ. ಮಳೆಗಾಲದಲ್ಲಿ ಮಧ್ಯಾಹ್ನ, ಸಂಜೆ ಇನ್ನೆರಡು ಸಲ, ನೆರೆ ಏರುವಾಗ ಗಂಟೆಗೊಮ್ಮೆ.

ಅಷ್ಟಾದರೂ ಸಣ್ಣ ಹೊಳೆಯ ತುದಿಮಟ್ಟ ನಿಮ್ಮ ಕೈ ತಪ್ಪುತ್ತದೆ. ಘಟ್ಟದಲ್ಲಿ ಇಪ್ಪತ್ತು ಮೂವತ್ತು ಚದರ ಕಿಲೋಮೀಟರಿನ ನೀರು ಕೂಡುವ ಹೊಳೆ ರಾತ್ರಿ ಎರಡು ಗಂಟೆಗೆ ಏರಿ ಐದಕ್ಕೆ ಇಳಿದಿರಬಹುದು. ಅದಕ್ಕೆ ಅಗ್ಗದ ಉಪಾಯವಿದೆ. ಎರಡಿಂಚಿನ ಜಿಐ ಪೈಪನ್ನು ಪಟ್ಟಿಯ ಪಕ್ಕ ನೆಟ್ಟಗೆ ನಿಲ್ಲಿಸಿ, ಬುಡದಲ್ಲಿ ನಾಲ್ಕೈದು ತೂತು, ತಲೆಯ ಮುಚ್ಚಳದ ಕೆಳಗೆ ಗಾಳಿಗೆ ಒಂದು ತೂತು ಮಾಡಿ. ಒಳಗೆ ನಯಗೊಳಿಸಿದ ಮರದ ಕೋಲು, ಬುಡದ ಸಣ್ಣ ಬಟ್ಟಲಿನಲ್ಲಿ ಒಂದು ಹಿಡಿ ಕಾರ್ಕ್ ಪುಡಿ ಇಡಿ. ನೀರಿನೊಡನೆ ಏರಿದ ಪುಡಿ ಕೋಲಿಗೆ ಅಂಟಿಕೊಂಡು, ನೀರು ಇಳಿದ ಮೇಲೂ ತುದಿಮಟ್ಟದ ಗೆರೆಯಾಗಿ ಉಳಿಯುತ್ತದೆ. ಗೆರೆ ಅಳೆದು, ಕೋಲು ಒರೆಸಿ, ಪುಡಿ ತುಂಬಿ ಮತ್ತೆ ಇಡಿ. ಒರೆಸುವುದನ್ನು ಮರೆತರೆ ಮುಂದಿನ ಸಲ ಹಳೆಯ ಗೆರೆಯನ್ನೇ ಹೊಸದೆಂದು ಓದುತ್ತೀರಿ.

ತಾನಾಗಿ ಬರೆದುಕೊಳ್ಳುವ ಯಂತ್ರಗಳು

ನೀರಿನೊಳಗಿಟ್ಟ ಒತ್ತಡ ಸಂವೇದಕ ಸಣ್ಣ ಹೊಳೆಗಳಿಗೆ ಸಾಮಾನ್ಯವಾಗಿ ಒಪ್ಪುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಬರೆಯುವಂತೆ ಹೊಂದಿಸಿ. ಹೊರಗಿನ ಗಾಳಿಗೆ ತೆರೆದ ಕೊಳವೆ ಇಲ್ಲದ ಬಗೆಯಾದರೆ ಅದು ನೀರಿನ ಭಾರದ ಜೊತೆ ಗಾಳಿಯ ಭಾರವನ್ನೂ ಸೇರಿಸಿ ಅಳೆಯುತ್ತದೆ. ಒಂದು ಹೆಕ್ಟೊಪ್ಯಾಸ್ಕಲ್ ಗಾಳಿಯೊತ್ತಡವೆಂದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ನೀರು. ನಮ್ಮ ಕಡೆ ಗಾಳಿಯೊತ್ತಡ ದಿನಾ ಬೆಳಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಏರಿ, ನಾಲ್ಕರ ಸುಮಾರಿಗೆ ಇಳಿಯುತ್ತದೆ, ವ್ಯತ್ಯಾಸ ಮೂರು ನಾಲ್ಕು ಹೆಕ್ಟೊಪ್ಯಾಸ್ಕಲ್. ಅದನ್ನು ಕಳೆಯದಿದ್ದರೆ ಫೆಬ್ರವರಿಯ ನಿಂತಂತಿರುವ ಹೊಳೆ ದಿನಕ್ಕೆ ಎರಡು ಸಲ ಉಬ್ಬಿ ಇಳಿದಂತೆ ನಕ್ಷೆಯಲ್ಲಿ ಕಾಣುತ್ತದೆ. ಆದ್ದರಿಂದ ಗಾಳಿಯೊತ್ತಡ ಅಳೆಯುವ ಇನ್ನೊಂದು ಯಂತ್ರವನ್ನು ಹತ್ತಿರದಲ್ಲೇ, ನೆರಳಿನಲ್ಲಿ, ನೆರೆಗೆ ಸಿಗದ ಎತ್ತರದಲ್ಲಿ ತೂಗುಹಾಕಿ. ಗಾಳಿ ಕೊಳವೆ ಇರುವ ಕೇಬಲ್ಲಿನದಾದರೆ ಈ ರಗಳೆ ಇಲ್ಲ, ಆದರೆ ಕೊಳವೆಯೊಳಗೆ ತೇವ ಸೇರದಂತೆ ಸಿಲಿಕಾ ಜೆಲ್ ಇಟ್ಟಿರುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಅದು ಬೇಗನೆ ಬಣ್ಣ ಬದಲಿಸುತ್ತದೆ. ಪ್ರತಿ ಭೇಟಿಯಲ್ಲೂ ನೋಡಿ, ಬದಲಿಸಿ.

ಸಂವೇದಕವನ್ನು ನಾಲ್ಕಿಂಚಿನ ಪೈಪಿನೊಳಗೆ, ತಳದಿಂದ ಒಂದು ಗೇಣು ಮೇಲೆ ತೂಗಿಡಿ. ಪೈಪಿಗೆ ಸಣ್ಣ ತೂತುಗಳು ಸಾಕು: ತೂತು ದೊಡ್ಡದಾದರೆ ಹೊರಗಿನ ಅಲೆ ಒಳಗೂ ಆಡುತ್ತದೆ, ತೀರ ಸಣ್ಣದಾದರೆ ಕೆಸರು ಕಟ್ಟಿ, ಹೊರಗೆ ನೀರು ಇಳಿದರೂ ಒಳಗಿನದು ಇಳಿಯುವುದಿಲ್ಲ. ನಕ್ಷೆಯಲ್ಲಿ ಏರಿಕೆ ಚೂಪಾಗಿದ್ದು ಇಳಿಕೆ ಮಾತ್ರ ಸೋಮಾರಿಯಾಗಿ ಎಳೆದುಕೊಂಡು ಹೋದರೆ ಪೈಪಿನ ಬುಡ ಕಟ್ಟಿರಬಹುದು.

ಸೇತುವೆ ಇರುವಲ್ಲಿ, ಮೇಲಿನಿಂದ ಕಿರಣ ಬಿಟ್ಟು ನೀರಿನ ದೂರ ಅಳೆಯುವ ರಾಡಾರ್ ಉತ್ತಮ, ನೀರಿಗೆ ಏನೂ ತಾಗುವುದಿಲ್ಲ. ಕಿರಣದ ಕೋನ 10 ಡಿಗ್ರಿಯಾದರೆ ಹತ್ತು ಮೀಟರ್ ಕೆಳಗೆ ಅದು ಸುಮಾರು 1.75 ಮೀಟರ್ ಅಗಲ ಹರಡಿರುತ್ತದೆ. ಆ ವೃತ್ತದೊಳಗೆ ಕಂಬ, ಬಂಡೆ, ಬೇಸಿಗೆಯಲ್ಲಿ ಮೇಲೇಳುವ ಮರಳುದಿಬ್ಬ ಬರಬಾರದು. ಅಗ್ಗವೆಂದು ಶಬ್ದದಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಯಂತ್ರ ಕೊಂಡರೆ ಉಷ್ಣತೆಯ ತಿದ್ದುಪಡಿ ಇದೆಯೇ ನೋಡಿ. ಶಬ್ದದ ವೇಗ ಪ್ರತಿ ಡಿಗ್ರಿಗೆ ಸುಮಾರು 0.18 ಶೇಕಡ ಬದಲಾಗುತ್ತದೆ. ಆರು ಮೀಟರ್ ಎತ್ತರದಿಂದ ಅಳೆಯುವಾಗ ಹತ್ತು ಡಿಗ್ರಿ ವ್ಯತ್ಯಾಸ ಹತ್ತು ಸೆಂಟಿಮೀಟರ್ ತಪ್ಪನ್ನು ತರುತ್ತದೆ.

ಯಾವ ಯಂತ್ರವಿದ್ದರೂ ಪಟ್ಟಿ ಬೇಕು. ಪ್ರತಿ ಭೇಟಿಯಲ್ಲೂ ಪಟ್ಟಿಯ ಅಂಕಿ ಮತ್ತು ಯಂತ್ರದ ಅಂಕಿ ಅಕ್ಕಪಕ್ಕ ಬರೆಯಿರಿ. ನಂಬಬೇಕಾದದ್ದು ಪಟ್ಟಿಯನ್ನು.

ಹರಿವು ಅಳೆಯುವುದು

ಮಟ್ಟದಿಂದ ನೀರಿನ ಪ್ರಮಾಣ ಗೊತ್ತಾಗಬೇಕಾದರೆ ಬೇರೆ ಬೇರೆ ಮಟ್ಟದಲ್ಲಿ ಹರಿವನ್ನು ನೇರವಾಗಿ ಅಳೆದಿರಬೇಕು. ಮೊದಲ ವರ್ಷ ಹತ್ತು ಹದಿನೈದು ಅಳತೆಗಳಾದರೂ ಬೇಕು.

ಇಳಿಯಬಹುದಾದ ನೀರಿನಲ್ಲಿ ಕರೆಂಟ್ ಮೀಟರ್ (ನೀರಿನ ವೇಗ ಅಳೆಯುವ ಉಪಕರಣ) ಬಳಸಿ. ಹೊಳೆಗೆ ಅಡ್ಡ ಟೇಪು ಕಟ್ಟಿ, ಅಗಲವನ್ನು ಇಪ್ಪತ್ತು ಇಪ್ಪತ್ತೈದು ಭಾಗ ಮಾಡಿ. ಪ್ರತಿ ಕಡೆ ಆಳ ಅಳೆದು, ಮುಕ್ಕಾಲು ಮೀಟರಿಗಿಂತ ಕಡಿಮೆ ಆಳವಾದರೆ ಮೇಲ್ಮೈಯಿಂದ ಆಳದ 0.6 ಭಾಗದಲ್ಲಿ, ಹೆಚ್ಚಾದರೆ 0.2 ಮತ್ತು 0.8ರಲ್ಲಿ ವೇಗ ನೋಡಿ ಸರಾಸರಿ ತೆಗೆಯಿರಿ. ಪ್ರತಿ ಬಿಂದುವಿನಲ್ಲೂ ಒಂದು ನಿಮಿಷ ಎಣಿಸಿ. ಒಂದು ಮೀಟರ್ ಅಗಲದ ಭಾಗದಲ್ಲಿ ಆಳ 0.62 ಮೀಟರ್, ವೇಗ ಸೆಕೆಂಡಿಗೆ 0.48 ಮೀಟರ್ ಇದ್ದರೆ ಆ ಭಾಗದ ಹರಿವು ಸೆಕೆಂಡಿಗೆ 0.298 ಘನ ಮೀಟರ್. ಎಲ್ಲವನ್ನೂ ಕೂಡಿ. ಯಾವುದೇ ಒಂದು ಭಾಗ ಒಟ್ಟಿನ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಹೊತ್ತಿದ್ದರೆ ಅಲ್ಲಿ ಇನ್ನೂ ಹತ್ತಿರ ಹತ್ತಿರ ಅಳೆಯಬೇಕು. ಅಳೆಯುವವರು ಟೇಪಿನಿಂದ ನೀರು ಹರಿದುಹೋಗುವ ಕಡೆಗೆ, ಪಕ್ಕಕ್ಕೆ ಸರಿದು ನಿಲ್ಲಲಿ. ಮೀಟರಿನ ಹಿಂದೆಯೇ ಕಾಲಿಟ್ಟರೆ ವೇಗ ತಪ್ಪಾಗುತ್ತದೆ.

ಇಳಿಯುವ ಮೊದಲು ಆಳವನ್ನು ವೇಗದಿಂದ ಗುಣಿಸಿ ನೋಡಿ. ಮೀಟರ್ ಲೆಕ್ಕದಲ್ಲಿ 0.9 ದಾಟಿದರೆ ಯಾರೂ ಇಳಿಯಬಾರದು. ಪಾಚಿ ಕಟ್ಟಿದ ಗುಂಡುಕಲ್ಲಿನ ಮೇಲೆ ಅದರ ಅರ್ಧಕ್ಕೇ ನಿಲ್ಲಿಸಿ. ಒಬ್ಬರೇ ಹೋಗಬೇಡಿ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿಯುವ ಅಭ್ಯಾಸ ಅಪಾಯಕಾರಿ, ಬಿದ್ದವರನ್ನು ಹಗ್ಗವೇ ನೀರಿನಡಿ ಹಿಡಿದಿಡುತ್ತದೆ. ಜೀವರಕ್ಷಕ ಅಂಗಿ ಹಾಕಿ, ಕೆಳಗಡೆ ದಡದಲ್ಲಿ ಎಸೆಯುವ ಹಗ್ಗ ಹಿಡಿದು ಒಬ್ಬರು ನಿಲ್ಲಲಿ.

ಬಂಡೆಗಳ ನಡುವೆ ನೊರೆಯಾಗಿ ಧುಮುಕುವ ಹಳ್ಳದಲ್ಲಿ ಕರೆಂಟ್ ಮೀಟರಿಗೆ ಜಾಗವೇ ಇರುವುದಿಲ್ಲ. ಅಲ್ಲಿಗೆ ಉಪ್ಪಿನ ವಿಧಾನ. ಘಟ್ಟದ ನೀರಿನಲ್ಲಿ ಲವಣ ತೀರ ಕಡಿಮೆ, ಹಾಗಾಗಿ ಸ್ವಲ್ಪ ಉಪ್ಪು ಬಿದ್ದರೂ ವಿದ್ಯುತ್ ವಾಹಕತೆಯ ಮೀಟರ್ ಅದನ್ನು ಹಿಡಿಯುತ್ತದೆ. ಸೆಕೆಂಡಿಗೆ ಒಂದು ಘನ ಮೀಟರ್ ಹರಿವಿಗೆ ಒಂದೆರಡು ಕಿಲೋ ಉಪ್ಪು ಸಾಕು. ಗ್ರಾಮಿನ ಲೆಕ್ಕದಲ್ಲಿ ತೂಗಿ, ಹೊಳೆಯ ನೀರಿನಲ್ಲೇ ಪೂರ್ತಿ ಕರಗಿಸಿ. ಬಕೆಟ್ಟಿನ ತಳದಲ್ಲಿ ಕರಗದ ಹರಳು ಉಳಿದರೆ ಹಾಕಿದ ತೂಕ ಸುಳ್ಳಾಗುತ್ತದೆ, ಉತ್ತರ ನಿಜಕ್ಕಿಂತ ಹೆಚ್ಚು ಬರುತ್ತದೆ. ಹೊಳೆಯ ಅಗಲದ ಇಪ್ಪತ್ತೈದು ಪಟ್ಟು ದೂರ ಕೆಳಗೆ ಮೀಟರ್ ಇಟ್ಟು, ನಡುನೀರಿಗೆ ಉಪ್ಪುನೀರನ್ನು ಒಮ್ಮೆಲೇ ಸುರಿಯಿರಿ. ನಡುವೆ ನಿಂತ ನೀರಿನ ಗುಂಡಿ ಇರಬಾರದು, ಉಪ್ಪು ಅಲ್ಲಿ ಸಿಕ್ಕಿಕೊಂಡು ಗಂಟೆಗಟ್ಟಲೆ ಜಿನುಗುತ್ತದೆ.

ಐದು ಸೆಕೆಂಡಿಗೊಮ್ಮೆ ಮೀಟರಿನ ಅಂಕಿ ಬರೆಯಿರಿ, ಮೊದಲಿನ ಅಂಕಿಗೆ ಮರಳುವವರೆಗೂ. ಏರಿಕೆಗಳನ್ನೆಲ್ಲ ಕೂಡಿ ಐದರಿಂದ ಗುಣಿಸಿ. ಉದಾಹರಣೆಗೆ, ಮೊತ್ತ 1,000 ಮೈಕ್ರೊಸೀಮೆನ್ಸ್ ಬಂದರೆ ಗುಣಲಬ್ಧ 5,000. ಒಂದು ಮೈಕ್ರೊಸೀಮೆನ್ಸ್ ಏರಿಕೆಗೆ ಲೀಟರಿಗೆ 0.48 ಮಿಲಿಗ್ರಾಮ್ ಉಪ್ಪು ಎಂದಾದರೆ 2,400. ಹಾಕಿದ ಉಪ್ಪು 2,000 ಗ್ರಾಮ್. 2,000 ಭಾಗಿಸು 2,400, ಹರಿವು ಸೆಕೆಂಡಿಗೆ 0.83 ಘನ ಮೀಟರ್. ಆ 0.48 ಅನ್ನು ಊಹಿಸಿ ಹಾಕಬೇಡಿ: ಒಂದು ಲೀಟರ್ ಹೊಳೆನೀರಿಗೆ ಹತ್ತು ಗ್ರಾಮ್ ಉಪ್ಪು ಕರಗಿಸಿ, ಅದರಿಂದ ಒಂದೊಂದು ಮಿಲಿಲೀಟರನ್ನು ಇನ್ನೊಂದು ಲೀಟರ್ ಹೊಳೆನೀರಿಗೆ ಸೇರಿಸುತ್ತಾ ಮೀಟರ್ ಎಷ್ಟು ಏರುತ್ತದೆಂದು ಅಲ್ಲೇ ನೋಡಿ. ಪ್ರತಿ ಸೇರ್ಪಡೆಯೂ ಲೀಟರಿಗೆ ಹತ್ತು ಮಿಲಿಗ್ರಾಮ್.

ಶಿಶಿಲ, ಶೃಂಗೇರಿಯಂಥ ದೇವರ ಮೀನುಗಳ ಗುಂಡಿಯ ಹತ್ತಿರ ಉಪ್ಪು ಸುರಿಯಬೇಡಿ. ಕೆಳಗಡೆ ಬೆರೆತು ತೆಳುವಾದ ಉಪ್ಪಿನಿಂದ ತೊಂದರೆ ಇಲ್ಲ, ಸುರಿದ ಜಾಗದಲ್ಲಿ ಮಾತ್ರ ಆ ಕ್ಷಣಕ್ಕೆ ನೀರು ಬಹಳ ಗಟ್ಟಿ. ಸೆಕೆಂಡಿಗೆ ಐದಾರು ಘನ ಮೀಟರ್ ದಾಟಿದರೆ ಈ ವಿಧಾನ ಕೈಯಿಂದ ನಿಭಾಯಿಸುವಂಥದ್ದಲ್ಲ.

ನೆರೆಯಲ್ಲಿ ಉಳಿಯುವುದು ತೇಲು. ಕಿತ್ತಳೆಹಣ್ಣು ಒಳ್ಳೆಯದು: ಬಹುಪಾಲು ಮುಳುಗಿ ತೇಲುತ್ತದೆ, ಗಾಳಿಗೆ ಸಿಗುವುದಿಲ್ಲ, ಕೆಂಪುನೀರಿನಲ್ಲೂ ಕಾಣುತ್ತದೆ. ಅಳೆದ ದೂರದಲ್ಲಿ ಬೇರೆ ಬೇರೆ ಸಾಲಿನಲ್ಲಿ ಹತ್ತು ಸಲ ಬಿಡಿ. ಬಂದದ್ದು ಮೇಲ್ಮೈ ವೇಗ. ಆಳವಾದ ನಯ ಹರಿವಿಗೆ 0.85ರಿಂದ, ಬಂಡೆಗಳ ತಳಕ್ಕೆ 0.7ರ ಹತ್ತಿರದ ಅಂಕಿಯಿಂದ ಗುಣಿಸಿ. ಅಡ್ಡಸೀಳಿಕೆಯ ಅಳತೆ (ದಡದಿಂದ ದಡಕ್ಕೆ ಅಗಲ ಮತ್ತು ತಳದ ಎತ್ತರ) ಬೇಸಿಗೆಯಲ್ಲೇ ತೆಗೆದಿಟ್ಟಿದ್ದರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ.

ಮಟ್ಟ ಮತ್ತು ಹರಿವಿನ ಗೆರೆ

ಅಳತೆಗಳನ್ನು ಲಾಗ್ ಕಾಗದದಲ್ಲಿ (1, 10, 100ರ ನಡುವೆ ಸಮ ಅಂತರವಿರುವ ನಕ್ಷೆ ಕಾಗದ) ಗುರುತಿಸಿ ಗೆರೆ ಎಳೆದರೆ ಇಂಥ ಸೂತ್ರ ಸಿಗುತ್ತದೆ: ಹರಿವು = 18 × (ಮಟ್ಟ − 0.32), ಆವರಣದ ಸಂಖ್ಯೆಗೆ 1.9ರ ಘಾತ. ಇಲ್ಲಿ 0.32 ಎಂದರೆ ಹೊಸ್ತಿಲಿನ ಮೇಲೆ ನೀರು ಹರಿಯುವುದು ನಿಲ್ಲುವ ಮಟ್ಟ. ಅದನ್ನು ಬೇಸಿಗೆಯಲ್ಲಿ ಹೊಸ್ತಿಲಿನ ಅತಿ ತಗ್ಗಿನ ಬಿಂದುವಿಗೆ ಲೆವೆಲ್ ಪೈಪ್ ಒಯ್ದು ನೇರವಾಗಿ ಅಳೆಯಿರಿ. ಪಟ್ಟಿಯಲ್ಲಿ 1.32 ಇದ್ದರೆ ಹರಿವು ಸೆಕೆಂಡಿಗೆ 18 ಘನ ಮೀಟರ್, ಅಂದರೆ ಸುಮಾರು 635 ಕ್ಯುಸೆಕ್. 2.32ಕ್ಕೆ 67. ಮಟ್ಟ ಒಂದು ಮೀಟರ್ ಏರಿತು, ನೀರು ಮೂರೂವರೆ ಪಟ್ಟನ್ನೂ ಮೀರಿತು.

ಬೇಸಿಗೆಯ ತುದಿ ಇನ್ನೂ ಸೂಕ್ಷ್ಮ. ಅದೇ ಗೆರೆಯಲ್ಲಿ 0.42ಕ್ಕೆ ಹರಿವು 0.23, 0.44ಕ್ಕೆ 0.32. ಎರಡು ಸೆಂಟಿಮೀಟರ್ ತಪ್ಪು ಓದಿದರೆ ನೀರಿನ ಲೆಕ್ಕ ನಲವತ್ತು ಶೇಕಡ ತಪ್ಪುತ್ತದೆ. ಹೊಸ್ತಿಲಿನಲ್ಲಿ ಸಿಕ್ಕಿದ ಒಂದು ಕೊಂಬೆ, ಮಕ್ಕಳು ಮೀನಿಗೆಂದು ಅಡ್ಡ ಜೋಡಿಸಿದ ಕಲ್ಲು, ಅಷ್ಟು ಮಟ್ಟವನ್ನು ಸುಲಭವಾಗಿ ಏರಿಸುತ್ತವೆ. ಓದುವ ಮೊದಲು ಹೊಸ್ತಿಲು ನೋಡಿ. ಕಸವಿದ್ದರೆ ಮೊದಲು ಒಮ್ಮೆ ಓದಿ, ಕಸ ತೆಗೆದು, ಅರ್ಧ ಗಂಟೆ ಬಿಟ್ಟು ಮತ್ತೆ ಓದಿ, ಎರಡನ್ನೂ ಬರೆಯಿರಿ. ಮಾರ್ಚ್-ಏಪ್ರಿಲಿನ ನಕ್ಷೆಯಲ್ಲಿ ಮಟ್ಟ ಥಟ್ಟನೆ ಮೂರು ಸೆಂಟಿಮೀಟರ್ ಕುಸಿದು, ಕೆಲವು ಗಂಟೆ ಬಿಟ್ಟು ಥಟ್ಟನೆ ಏರಿದರೆ ಯಂತ್ರವನ್ನು ಬೈಯಬೇಡಿ. ತ್ರೀ ಫೇಸ್ ಕರೆಂಟು ಬಂದು ಮೇಲಿನ ತೋಟಗಳ ಪಂಪುಗಳು ಓಡಿದ ಹೊತ್ತು ಅದು. ಈ ದಾಖಲೆಗೆ ಬಹಳ ಬೆಲೆಯಿದೆ, ಬೇಸಿಗೆಯ ಹೊಳೆ ಯಾಕೆ ಬತ್ತುತ್ತಿದೆ ಎಂಬ ಜಗಳಕ್ಕೆ ಅಂಕಿಯ ಉತ್ತರ ಅದರಲ್ಲಿರುತ್ತದೆ.

ಅಳೆದ ಅತಿ ದೊಡ್ಡ ಹರಿವಿನಾಚೆಗೆ ಗೆರೆಯನ್ನು ಬಹುದೂರ ಎಳೆಯಬೇಡಿ. ನೆರೆಯ ತುದಿಗೆ ನೀರಿಳಿದ ಮೇಲೆ ಗುರುತು ಹುಡುಕಿ: ಅಡಿಕೆಮರದ ಕಾಂಡದ ಕೆಸರುಗೆರೆ, ಬೇಲಿಗೆ ಸಿಕ್ಕಿದ ಹುಲ್ಲು. ಮರುದಿನವೇ ಹೋಗಿ, ಮುಂದಿನ ಮಳೆಗೆ ತೊಳೆದುಹೋಗುತ್ತವೆ. ನೂರು ಮೀಟರ್ ಅಂತರದಲ್ಲಿ ಗುರುತುಗಳ ಎತ್ತರ ಅಳೆದು ಇಳಿಜಾರು ತೆಗೆದರೆ ಇಳಿಜಾರು, ಅಡ್ಡಸೀಳಿಕೆ, ತಳದ ಒರಟುತನದಿಂದ ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರದಿಂದ ಹರಿವನ್ನು ಅಂದಾಜು ಮಾಡಬಹುದು. ಗುಂಡುಕಲ್ಲು, ದೊಡ್ಡ ಬಂಡೆಗಳ ತಳಕ್ಕೆ ಒರಟುತನದ ಅಂಕಿ 0.04ರಿಂದ 0.07.

ನೆರೆಯ ಸೂಚನೆ

ಮಟ್ಟ ಎಷ್ಟಿದೆ ಎಂಬುದಕ್ಕಿಂತ ಗಂಟೆಗೆ ಎಷ್ಟು ಏರುತ್ತಿದೆ ಎಂಬುದನ್ನು ಫೋನಿನಲ್ಲಿ ಮೊದಲು ಹೇಳಿ. ಕೆಳಗಿನ ಊರಿನವರಿಗೆ ಪಟ್ಟಿಯ ಅಂಕಿಯ ಅರ್ಥ ಗೊತ್ತಿರುವಂತೆ, ಯಾವ ಅಂಕಿಗೆ ಸಂಕ ಮುಳುಗುತ್ತದೆ, ಯಾವುದಕ್ಕೆ ಮೊದಲ ಮನೆಯ ಅಂಗಳಕ್ಕೆ ನೀರು ಬರುತ್ತದೆ ಎಂದು ಮೇ ತಿಂಗಳಲ್ಲೇ ಲೆವೆಲ್ ಪೈಪಿನಿಂದ ಅಳೆದು ಹಂಚಿಡಿ.

ಮಳೆ ಸುರಿಯುತ್ತಲೇ ಇದ್ದು ಹೊಳೆ ಮಾತ್ರ ಥಟ್ಟನೆ ಇಳಿದರೆ ಅದು ಎಲ್ಲಕ್ಕಿಂತ ಕೆಟ್ಟ ಲಕ್ಷಣ. ಮೇಲೆಲ್ಲೋ ಗುಡ್ಡ ಜರಿದು ನೀರು ಕಟ್ಟಿದೆ, ಆ ಮಣ್ಣಿನ ಕಟ್ಟೆ ಯಾವ ಗಳಿಗೆಯಲ್ಲಾದರೂ ಒಡೆಯಬಹುದು. ನೀರು ಇದ್ದಕ್ಕಿದ್ದಂತೆ ಗಟ್ಟಿ ಕೆಸರಾಗುವುದು, ಬೇರುಸಹಿತ ಹಸಿಮರಗಳು ತೇಲಿಬರುವುದು, ತಳದಲ್ಲಿ ಕಲ್ಲುಗಳು ಉರುಳುವ ಗುಡುಗು ಕೇಳುವುದೂ ಗುಡ್ಡ ಜರಿದ ಸೂಚನೆಗಳೇ. ಆಗ ಪಟ್ಟಿ ಓದಲು ನಿಲ್ಲಬೇಡಿ. ಹೊಳೆಬದಿಯ ಮನೆಗಳವರನ್ನು ಎಬ್ಬಿಸಿ ಮೇಲಕ್ಕೆ ಕಳಿಸಿ, ಪಂಚಾಯಿತಿಗೂ ತಹಶೀಲ್ದಾರರ ಕಚೇರಿಗೂ ಫೋನ್ ಮಾಡಿ. ತಪ್ಪಿದ ಆ ರಾತ್ರಿಯ ಅಂಕಿಯನ್ನು ಬೆಳಗ್ಗೆ ಕಾರ್ಕ್ ಪುಡಿಯ ಕೋಲು ಹೇಳುತ್ತದೆ.